ಸೆಕೆಂಡಿಗೆ ಒಂದು ಕೊಡ ಗಾಳಿ: ಬೇಸಿಗೆಯಲ್ಲಿ ಮನೆಯ ಕಂಪ್ಯೂಟರ್ ಕಾಯುವುದೇಕೆ, ತಣಿಸುವುದು ಹೇಗೆ?



ಒಂದು ಒಗಟಿನಿಂದ ಶುರು ಮಾಡೋಣ. ಒಂದು ಮನೆಯಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಜನವರಿಯಲ್ಲಿ ದಿನವಿಡೀ ನಡೆದರೂ ಯಾವ ತಕರಾರೂ ಇರಲಿಲ್ಲ. ಮೇ ತಿಂಗಳು ಬಂತು. ಈಗ ಮಧ್ಯಾಹ್ನ ಎರಡು ಗಂಟೆಗೆ ಚಾಲೂ ಮಾಡಿ ವಿಡಿಯೋ ಪಾಠ ಹಚ್ಚಿದರೆ ಇಪ್ಪತ್ತು ನಿಮಿಷಕ್ಕೆ ತಾನೇ ಬಂದ್ ಆಗುತ್ತದೆ. ಕೂಡಲೇ ಮತ್ತೆ ಚಾಲೂ ಮಾಡಿದರೆ ಎರಡೇ ನಿಮಿಷಕ್ಕೆ ಮತ್ತೆ ಬಂದ್. ರಾತ್ರಿ ಹತ್ತು ಗಂಟೆಗೆ ಚಾಲೂ ಮಾಡಿದರೆ ಮಾತ್ರ ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ. ಜನವರಿಯಿಂದ ಮೇವರೆಗೆ ಅದರೊಳಗಿನ ಒಂದು ಸ್ಕ್ರೂ ಕೂಡ ಬದಲಾಗಿಲ್ಲ. ಹಾಗಾದರೆ ಕೆಟ್ಟದ್ದು ಏನು?

“ಬಿಸಿಲಾಗ ಎಲ್ಲಾ ಮಷೀನು ಹಿಂಗ ಆಗ್ತಾವು ಬಿಡು” ಎಂದು ಕೆಲವರು ಕೈಬಿಡುತ್ತಾರೆ. “ಮದರ್‌ಬೋರ್ಡ್ ಹೋಗ್ಯದ, ಹೊಸಾದು ಹಾಕಬೇಕು” ಎಂದು ಇನ್ನು ಕೆಲವರು ಹೆದರಿಸುತ್ತಾರೆ. ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್ ಎಂದರೆ ಮಗ್ಗದ ಕೂಲಿಯಲ್ಲೋ ಹೊಲದ ಫಸಲಿನಲ್ಲೋ ಉಳಿಸಿ ತಂದ ವಸ್ತು. ಬಹಳ ಸಲ ಸೆಕೆಂಡ್ ಹ್ಯಾಂಡ್. ಅದರ ಮೇಲೆ ಅಣ್ಣನ ಆನ್‌ಲೈನ್ ಅರ್ಜಿ, ಅಕ್ಕನ ಟೈಪಿಂಗ್ ಅಭ್ಯಾಸ, ನಿಮ್ಮ ಪ್ರಾಜೆಕ್ಟ್ ಎಲ್ಲವೂ ನಿಂತಿರುತ್ತವೆ. ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ಪುಟ ತುಂಬುವಾಗ ಅದು ಬಂದ್ ಆದರೆ ಆಗುವ ನಷ್ಟ ಬರೀ ಇಪ್ಪತ್ತು ನಿಮಿಷದ್ದಲ್ಲ. ಅದಕ್ಕೇ ಕಾರಣ ತಿಳಿದುಕೊಂಡಿರುವುದು ಒಳ್ಳೆಯದು. ಕಾರಣ ತಿಳಿಯಲು ನಿಮ್ಮ ವಿಜ್ಞಾನ ಪುಸ್ತಕದ ಎರಡು ಪಾಠ ಮತ್ತು ಸಾದಾ ಕೂಡುವ ಲೆಕ್ಕ ಸಾಕು.

ಶಾಖ ಎಲ್ಲಿಂದ ಬರುತ್ತದೆ?

ವಿದ್ಯುತ್ತು ತಂತಿಯಲ್ಲಿ ಹರಿದಾಗ ತಂತಿ ಬಿಸಿಯಾಗುತ್ತದೆ ಎಂದು ನೀವು ಓದಿದ್ದೀರಿ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಎಲ್ಲ ಇದೇ ತತ್ವದ ಮೇಲೆ ನಡೆಯುತ್ತವೆ. ಕಂಪ್ಯೂಟರ್‌ನ ಪ್ರೊಸೆಸರ್ ಒಳಗೂ ಕೋಟಿಗಟ್ಟಲೆ ಅತಿ ಚಿಕ್ಕ ಸ್ವಿಚ್ಚುಗಳು, ಅಂದರೆ ಟ್ರಾನ್ಸಿಸ್ಟರ್‌ಗಳು, ಸೆಕೆಂಡಿಗೆ ನೂರಾರು ಕೋಟಿ ಸಲ ತೆರೆದು ಮುಚ್ಚುತ್ತಿರುತ್ತವೆ. ಪ್ರತಿ ಸಲವೂ ತುಸು ವಿದ್ಯುತ್ ಶಕ್ತಿ ಖರ್ಚಾಗುತ್ತದೆ. ಆ ಶಕ್ತಿ ಎಲ್ಲಿಗೆ ಹೋಗುತ್ತದೆ? ನೀರೆತ್ತುವ ಮೋಟಾರಿನಲ್ಲಿ ಶಕ್ತಿಯ ಒಂದು ಪಾಲು ನೀರನ್ನು ಮೇಲಕ್ಕೆತ್ತುವ ಕೆಲಸಕ್ಕೆ ಹೋಗುತ್ತದೆ. ಪ್ರೊಸೆಸರ್ ಏನನ್ನೂ ಎತ್ತುವುದಿಲ್ಲ, ಎಳೆಯುವುದಿಲ್ಲ. ಆದ್ದರಿಂದ ಅದಕ್ಕೆ ಕೊಟ್ಟ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂಬ ನಿಯಮ ಇಲ್ಲಿಯೂ ತಪ್ಪುವುದಿಲ್ಲ.

ಇದು ಹೊಸ ತೊಂದರೆಯೂ ಅಲ್ಲ. 1946ರಲ್ಲಿ ಅಮೆರಿಕದಲ್ಲಿ ಜನರ ಮುಂದೆ ಬಂದ ಎನಿಯಾಕ್ ಎಂಬ ಕಂಪ್ಯೂಟರ್‌ನಲ್ಲಿ ಸುಮಾರು 18,000 ವ್ಯಾಕ್ಯೂಮ್ ಟ್ಯೂಬುಗಳಿದ್ದವು. ಅದು ಸುಮಾರು 150 ಕಿಲೋವಾಟ್ ವಿದ್ಯುತ್ ತಿನ್ನುತ್ತಿತ್ತು. ಅಷ್ಟೂ ಶಾಖವನ್ನು ಹೊರಹಾಕಲು ದೊಡ್ಡ ದೊಡ್ಡ ಗಾಳಿಯಂತ್ರಗಳನ್ನೇ ಕೂಡಿಸಬೇಕಾಯಿತು.

ನಿಮ್ಮ ಮನೆಯ ಕಂಪ್ಯೂಟರ್ ಅಷ್ಟು ತಿನ್ನುವುದಿಲ್ಲ. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್ ಪೂರ್ತಿ ದುಡಿಯುವಾಗ 65 ವಾಟ್ ಎಂದಿಟ್ಟುಕೊಳ್ಳಿ. “ಒಂದು ಹಳೇ ಬಲ್ಬಿನಷ್ಟು ಅಷ್ಟೇ ಅಲ್ಲೇನ್ರಿ ಸರ್?” ಎಂದು ನೀವು ಕೇಳಬಹುದು. ಹೌದು, ಅಷ್ಟೇ. ಆದರೆ ಆ ಶಾಖ ಹುಟ್ಟುವ ಜಾಗ ಎಷ್ಟು ನೋಡ್ರಿ. ಮೇಲೆ ಕಾಣುವ ಲೋಹದ ಮುಚ್ಚಳ ದೊಡ್ಡದಿದ್ದರೂ ಒಳಗಿನ ಸಿಲಿಕಾನ್ ಬಿಲ್ಲೆ ಸುಮಾರು ಒಂದೂವರೆ ಚದರ ಸೆಂಟಿಮೀಟರ್, ನಿಮ್ಮ ಹೆಬ್ಬೆರಳಿನ ಉಗುರಿನಷ್ಟು. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 43 ವಾಟ್. 1000 ವಾಟ್‌ನ ಇಸ್ತ್ರಿ ಪೆಟ್ಟಿಗೆಯ ತಳ ಸುಮಾರು 200 ಚದರ ಸೆಂಟಿಮೀಟರ್ ಇದ್ದರೆ ಅಲ್ಲಿ ಬರುವುದು ಬರೀ 5 ವಾಟ್. ಜಾಗದ ಲೆಕ್ಕದಲ್ಲಿ ಪ್ರೊಸೆಸರ್ ಇಸ್ತ್ರಿಗಿಂತ ಎಂಟು ಪಟ್ಟಿಗೂ ಹೆಚ್ಚು ಶಾಖ ಹುಟ್ಟಿಸುತ್ತದೆ! ಆ ಶಾಖವನ್ನು ಹುಟ್ಟಿದ ಕ್ಷಣವೇ ಅಲ್ಲಿಂದ ಸಾಗಿಸದಿದ್ದರೆ ಅದು ಕೆಲವೇ ಸೆಕೆಂಡುಗಳಲ್ಲಿ ಮಿತಿ ದಾಟುತ್ತದೆ.

ಶಾಖ ಹೊರಗೆ ಹೋಗುವ ದಾರಿ

ಚಿಪ್‌ನಲ್ಲಿ ಹುಟ್ಟಿದ ಶಾಖ ನಿಮ್ಮ ಕೋಣೆಗೆ ಬರಲು ನಾಲ್ಕು ಹೆಜ್ಜೆ ಇಡಬೇಕು.

ಮೊದಲನೆಯದು, ಚಿಪ್ಪಿನ ಮುಚ್ಚಳದಿಂದ ಅದರ ಮೇಲೆ ಕುಳಿತ ಲೋಹದ ದಿಮ್ಮಿಗೆ. ಈ ದಿಮ್ಮಿಗೆ ಹೀಟ್ ಸಿಂಕ್ ಎನ್ನುತ್ತಾರೆ. ಎರಡೂ ಲೋಹ ನೋಡಲು ನುಣುಪಾಗಿದ್ದರೂ ಸೂಕ್ಷ್ಮವಾಗಿ ನೋಡಿದರೆ ಮೇಲ್ಮೈ ಗುಡ್ಡ ತಗ್ಗು. ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಶಾಖದ ಮಟ್ಟಿಗೆ ಬಹಳ ಕೆಟ್ಟ ವಾಹಕ. ತಾಮ್ರ ಗಾಳಿಗಿಂತ ಸುಮಾರು 15,000 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಆ ಸಂದುಗಳನ್ನು ತುಂಬಲು ಹಚ್ಚುವುದೇ ಥರ್ಮಲ್ ಪೇಸ್ಟ್. ಅದು ತಾಮ್ರದಷ್ಟು ಒಳ್ಳೆಯದಲ್ಲ, ಆದರೆ ಗಾಳಿಗಿಂತ ಹತ್ತಾರು ಪಟ್ಟು ವಾಸಿ. ವರ್ಷಗಳು ಕಳೆದಂತೆ ಅದು ಒಣಗಿ ಬಿರುಕು ಬಿಡುತ್ತದೆ.

ಎರಡನೆಯದು, ದಿಮ್ಮಿಯಿಂದ ಅದರ ರೆಕ್ಕೆಗಳಿಗೆ. ತೆಳ್ಳಗಿನ ಅಲ್ಯೂಮಿನಿಯಂ ರೆಕ್ಕೆಗಳನ್ನು ಸಾಲಾಗಿ ಮಾಡಿರುವುದು ಗಾಳಿಗೆ ತಾಗುವ ಮೇಲ್ಮೈ ಹೆಚ್ಚಲಿ ಎಂದು. ಬಿಸಿ ಚಹಾವನ್ನು ಬಸಿಗೆ ಸುರುವಿ ಕುಡಿಯುವ ಅಜ್ಜ ಮಾಡುವುದೂ ಇದನ್ನೇ: ಮೇಲ್ಮೈ ಅಗಲವಾದರೆ ಬೇಗ ಆರುತ್ತದೆ.

ಮೂರನೆಯದು, ರೆಕ್ಕೆಗಳಿಂದ ಡಬ್ಬಿಯೊಳಗಿನ ಗಾಳಿಗೆ. ಪ್ರೊಸೆಸರ್ ಮೇಲಿನ ಚಿಕ್ಕ ಫ್ಯಾನಿನ ಕೆಲಸ ಇದು.

ನಾಲ್ಕನೆಯದು, ಡಬ್ಬಿಯೊಳಗಿನ ಬಿಸಿ ಗಾಳಿ ಕೋಣೆಗೆ. ಡಬ್ಬಿಯ ಹಿಂದಿನ ಫ್ಯಾನು ಮತ್ತು ಎಸ್‌ಎಂಪಿಎಸ್ ಫ್ಯಾನು ಈ ಗಾಳಿಯನ್ನು ಹೊರಗೆ ತಳ್ಳುತ್ತವೆ. ಮುಂದಿನ ಜಾಳಿಗೆಯಿಂದ ಹೊಸ ಗಾಳಿ ಒಳಗೆ ಬರುತ್ತದೆ.

ಈ ನಾಲ್ಕರಲ್ಲಿ ಒಂದು ಹೆಜ್ಜೆ ತಡೆದರೂ ಹಿಂದಿನದೆಲ್ಲ ಕಾಯುತ್ತಾ ಕೂಡಬೇಕು. ಇಲ್ಲಿ ‘ಕಾಯುವುದು’ ಎರಡೂ ಅರ್ಥದಲ್ಲಿ ನಿಜ!

ಕೊಡದ ಲೆಕ್ಕ

ಗಾಳಿ ಎಷ್ಟು ಬೇಕು? ಲೆಕ್ಕ ಹಾಕಿ ನೋಡೋಣ ಬರ್ರಿ. ಒಂದು ಲೀಟರ್ ನೀರನ್ನು 1 ಡಿಗ್ರಿ ಕಾಯಿಸಲು ಸುಮಾರು 4,200 ಜೌಲ್ ಬೇಕು. ಒಂದು ಲೀಟರ್ ಗಾಳಿಯನ್ನು 1 ಡಿಗ್ರಿ ಕಾಯಿಸಲು ಸುಮಾರು 1.1 ಜೌಲ್ ಸಾಕು. ಅಂದರೆ ಗಾಳಿಯ ಪ್ರತಿ ಲೀಟರ್ ಬಹಳ ಕಡಿಮೆ ಶಾಖ ಹೊರುತ್ತದೆ. ಹಾಗಾಗಿ ಗಾಳಿ ಬಹಳ ಬೇಕು.

ಪ್ರೊಸೆಸರ್ 65 ವಾಟ್, ಉಳಿದ ಭಾಗಗಳೆಲ್ಲ ಸೇರಿ 45 ವಾಟ್, ಒಟ್ಟು 110 ವಾಟ್ ಎನ್ನೋಣ. ವಾಟ್ ಎಂದರೆ ಸೆಕೆಂಡಿಗೆ ಒಂದು ಜೌಲ್. ಡಬ್ಬಿಯೊಳಗೆ ಸೆಕೆಂಡಿಗೆ 20 ಲೀಟರ್ ಗಾಳಿ ಹರಿದರೆ ಅದು ಎಷ್ಟು ಬಿಸಿಯಾಗುತ್ತದೆ?

110 ÷ (20 × 1.1) = 5 ಡಿಗ್ರಿ

ಇಪ್ಪತ್ತು ಲೀಟರ್ ಎಂದರೆ ನೀರು ತರುವ ಒಂದು ದೊಡ್ಡ ಕೊಡ. ಅಂದರೆ ಸೆಕೆಂಡಿಗೆ ಒಂದು ಕೊಡ ಗಾಳಿ ಒಳಗೆ ಬಂದು ಹೊರಗೆ ಹೋಗುತ್ತಿದ್ದರೆ ಡಬ್ಬಿಯೊಳಗಿನ ಗಾಳಿ ಕೋಣೆಗಿಂತ 5 ಡಿಗ್ರಿ ಮಾತ್ರ ಹೆಚ್ಚು ಬಿಸಿ. ಜಾಳಿಗೆಯಲ್ಲಿ ಧೂಳು ಕಟ್ಟಿ ಅರ್ಧ ಕೊಡವಷ್ಟೇ ಬಂದರೆ 10 ಡಿಗ್ರಿ. ಡಬ್ಬಿಯನ್ನು ಮೇಜಿನ ಗೂಡಿನಲ್ಲಿ ತುರುಕಿ, ಮೇಲೆ ಕಸೂತಿ ಬಟ್ಟೆ ಹೊದಿಸಿ, ಸೆಕೆಂಡಿಗೆ ಬರೀ 4 ಲೀಟರ್ ಗಾಳಿ ಆಡುವಂತೆ ಮಾಡಿದರೆ 25 ಡಿಗ್ರಿ!

ಮೂರು ಅಂಕಿ ಕೂಡಿಸಿ, ಒಗಟು ಬಿಡಿಸಿ

ಬಿಸಿ ವಸ್ತು ಎಷ್ಟು ಬೇಗ ಶಾಖ ಕಳೆದುಕೊಳ್ಳುತ್ತದೆ ಎಂಬುದು ಸುತ್ತಲಿನ ಉಷ್ಣತೆಗೂ ಅದಕ್ಕೂ ಇರುವ ವ್ಯತ್ಯಾಸದ ಮೇಲೆ ನಿಂತಿದೆ. 1701ರಲ್ಲಿ ನ್ಯೂಟನ್ ಪ್ರಕಟಿಸಿದ ವಿಚಾರ ಇದು. ಅದನ್ನೇ ತಿರುಗಿಸಿ ಹೇಳಿದರೆ: ಪ್ರೊಸೆಸರ್ 65 ವಾಟ್ ಶಾಖ ಹೊರಹಾಕಬೇಕಾದರೆ ಅದು ಸುತ್ತಲಿನ ಗಾಳಿಗಿಂತ ಇಂತಿಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿ ಇರಲೇಬೇಕು. ಸ್ವಚ್ಛವಾದ ಸಾಧಾರಣ ಹೀಟ್ ಸಿಂಕಿಗೆ ಪ್ರತಿ ವಾಟಿಗೆ ಅರ್ಧ ಡಿಗ್ರಿ ಎಂದಿಟ್ಟುಕೊಳ್ಳಿ. 65 ವಾಟಿಗೆ 32.5 ಡಿಗ್ರಿ. ರೆಕ್ಕೆಗಳ ನಡುವೆ ಧೂಳು ಕಟ್ಟಿ, ಪೇಸ್ಟ್ ಒಣಗಿದ್ದರೆ ಪ್ರತಿ ವಾಟಿಗೆ 0.8 ಡಿಗ್ರಿ ಎನ್ನೋಣ. ಆಗ 52 ಡಿಗ್ರಿ.

ಈಗ ಪ್ರೊಸೆಸರ್‌ನ ಉಷ್ಣತೆ ಎಂದರೆ ಮೂರು ಅಂಕಿಗಳ ಮೊತ್ತ:

ಕೋಣೆಯ ಉಷ್ಣತೆ + ಡಬ್ಬಿಯೊಳಗೆ ಏರುವುದು + ಹೀಟ್ ಸಿಂಕಿನಲ್ಲಿ ಏರುವುದು

ಜನವರಿ, ಧೂಳು ಕಟ್ಟಿದ ಕಂಪ್ಯೂಟರ್: 25 + 10 + 52 = 87 ಡಿಗ್ರಿ
ಮೇ, ಅದೇ ಧೂಳಿನ ಕಂಪ್ಯೂಟರ್: 42 + 10 + 52 = 104 ಡಿಗ್ರಿ
ಮೇ, ಸ್ವಚ್ಛ ಮಾಡಿದ ಕಂಪ್ಯೂಟರ್: 42 + 5 + 32.5 = 79.5 ಡಿಗ್ರಿ

ಬಹಳಷ್ಟು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಮಿತಿ 90ರಿಂದ 100 ಡಿಗ್ರಿಯ ಆಸುಪಾಸು ಇರುತ್ತದೆ. ಮಿತಿ ಹತ್ತಿರ ಬಂದಾಗ ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಾನೇ ಇಳಿಸುತ್ತದೆ. ಆಗ ಕಂಪ್ಯೂಟರ್ ಆಮೆಯಂತೆ ತೆವಳುತ್ತದೆ. ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗುವ ಮೊದಲೇ ಬಂದ್ ಮಾಡಿಬಿಡುತ್ತದೆ. ಬಂದ್ ಆಗುವುದು ರೋಗವಲ್ಲ, ಪ್ರಾಣ ಉಳಿಸಿಕೊಳ್ಳುವ ಉಪಾಯ.

ಒಗಟು ಬಿಡಿಸಿತಲ್ಲ? ಧೂಳು ಜನವರಿಯಲ್ಲೂ ಇತ್ತು. ಚಳಿ ಅದನ್ನು ಮುಚ್ಚಿಟ್ಟಿತ್ತು, ಬಿಸಿಲು ಹೊರಗೆ ತಂದಿತು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದನ್ನು ನಾವು ತಪ್ಪಿಸಲಾರೆವು. ಮೊದಲನೆಯ ಅಂಕಿ ಹೆಚ್ಚುಕಡಿಮೆ ಸೂರ್ಯನ ಕೈಯಲ್ಲಿದೆ. ಉಳಿದೆರಡು ಅಂಕಿ ನಮ್ಮ ಕೈಯಲ್ಲಿವೆ.

ಇನ್ನೊಂದು ವಿಷಯವೂ ಈ ಲೆಕ್ಕದಲ್ಲಿ ಅಡಗಿದೆ. ಬರೀ ಟೈಪ್ ಮಾಡುವಾಗ ಪ್ರೊಸೆಸರ್ 65 ವಾಟ್ ತಿನ್ನುವುದಿಲ್ಲ. 40 ವಾಟ್ ಎಂದರೂ ಧೂಳಿನ ಕಂಪ್ಯೂಟರ್‌ನಲ್ಲಿ 42 + 8 + 32 = 82 ಡಿಗ್ರಿ ಮಾತ್ರ. ಅದಕ್ಕೇ ಪತ್ರ ಬರೆಯುವಾಗ ಸುಮ್ಮನಿದ್ದ ಕಂಪ್ಯೂಟರ್ ಆಟ ಹಚ್ಚಿದ ಕೂಡಲೇ ಮುನಿಸಿಕೊಳ್ಳುತ್ತದೆ.

ಫ್ಯಾನ್ ಹಚ್ಚಿದರೆ ತಂಪಾಗುತ್ತದೆಯೇ?

“ಸರ್, ಫ್ಯಾನು ಗರಗರ ತಿರಗ್ತದ, ಆದ್ರೂ ಯಾಕ ಕಾಯ್ತದ?” ಇದು ಒಳ್ಳೆಯ ಪ್ರಶ್ನೆ. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಸರಿಸುತ್ತದೆ ಅಷ್ಟೇ. ಛತ್ತಿನ ಫ್ಯಾನಿನ ಕೆಳಗೆ ನಮಗೆ ತಂಪೆನಿಸುವುದು ಮುಖ್ಯವಾಗಿ ಮೈಮೇಲಿನ ಬೆವರು ಆರುವುದರಿಂದ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಹಾಗೆಯೇ. ಪ್ರೊಸೆಸರ್ ಬೆವರುವುದಿಲ್ಲ. ಆದ್ದರಿಂದ ಎಷ್ಟೇ ಫ್ಯಾನು ಕೂಡಿಸಿದರೂ ಅದು ಕೋಣೆಯ ಗಾಳಿಗಿಂತ ತಂಪಾಗಲಾರದು. ಲೆಕ್ಕದಲ್ಲಿ ಮೊದಲ ಅಂಕಿಯ ಕೆಳಗೆ ಮೊತ್ತ ಇಳಿಯಲು ಸಾಧ್ಯವಿಲ್ಲ, ನೋಡ್ರಿ.

ಹಾಗೆಂದು ಗಡಿಗೆಯ ಉಪಾಯವನ್ನು ಕಂಪ್ಯೂಟರ್‌ಗೆ ಮಾಡಲು ಹೋಗಬೇಡಿ. ಹಸಿ ಬಟ್ಟೆ ಹೊದಿಸುವುದು, ಡಬ್ಬಿಯ ಹತ್ತಿರ ಬರ್ಫ ಇಡುವುದು ಅಪಾಯ. ತಣ್ಣನೆಯ ಲೋಹದ ಮೇಲೆ ಗಾಳಿಯ ತೇವ ಹನಿಯಾಗಿ ಕೂಡುತ್ತದೆ. ನೀರಿನ ಕೂಲರ್ ಕೋಣೆಯಲ್ಲಿದ್ದರೆ ನಮ್ಮ ಒಣ ಬಿಸಿಲಿಗೆ ಅದು ಕೋಣೆಯ ಉಷ್ಣತೆಯನ್ನು ಇಳಿಸುತ್ತದೆ, ಕಂಪ್ಯೂಟರ್‌ಗೂ ಲಾಭವೇ. ಆದರೆ ಕೂಲರಿನ ಮುಖ ನೇರವಾಗಿ ಡಬ್ಬಿಯ ಕಡೆ ಇರಬಾರದು. ಸಣ್ಣ ನೀರಹನಿಗಳು ಗಾಳಿಯ ಜೊತೆ ಬರುತ್ತವೆ. ಧೂಳು ಮತ್ತು ತೇವ ಸೇರಿದರೆ ವಿದ್ಯುತ್ತಿಗೆ ಬೇಡದ ದಾರಿ ಆಗುತ್ತದೆ. ಕಾಸರಗೋಡಿನಂಥ ಕರಾವಳಿಯ ಗೆಳೆಯರಿಗೆ ಬಿಸಿಲಿಗಿಂತ ಈ ತೇವವೇ ದೊಡ್ಡ ಶತ್ರು. ಮಳೆಗಾಲದಲ್ಲಿ ಒದ್ದೆಯಾಗುವ ಗೋಡೆಯಿಂದ ಅವರು ಕಂಪ್ಯೂಟರನ್ನು ದೂರ ಇಡಬೇಕು.

ಎಲ್ಲಿ ಇಡಬೇಕು?

ಖರ್ಚಿಲ್ಲದ ಉಪಾಯ ಎಂದರೆ ಜಾಗ ಬದಲಿಸುವುದು.

ಪತ್ರಾ ಹಾಕಿದ ಮನೆ ಮಧ್ಯಾಹ್ನ ಬಹಳ ಕಾಯುತ್ತದೆ. ಹಳೆಯ ಮಣ್ಣಿನ ಮಾಳಿಗೆಯ ಕೋಣೆ ಇದ್ದರೆ ಅದು ಹೆಚ್ಚು ತಂಪು. ಅಲ್ಲಿ ಇಡಿ. ಆದರೆ ಮಾಳಿಗೆಯಿಂದ ಮಣ್ಣು ಉದುರುವ ಕಡೆ ಬೇಡ. ಪಡುವಣ ಕಿಟಕಿಯ ಸಂಜೆ ಬಿಸಿಲು ಡಬ್ಬಿಯ ಮೇಲೆ ಬೀಳಬಾರದು.

ಡಬ್ಬಿಯ ಹಿಂಭಾಗ ಮತ್ತು ಗೋಡೆಯ ನಡುವೆ ಕನಿಷ್ಠ ಒಂದು ಗೇಣು ಜಾಗ ಬಿಡಿ. ಹಿಂದಿನಿಂದ ಹೊರಟ ಬಿಸಿ ಗಾಳಿ ಗೋಡೆಗೆ ಬಡಿದು ಮತ್ತೆ ಒಳಗೆ ಬರಬಾರದು. ಕಂಪ್ಯೂಟರ್ ಮೇಜಿಗೆ ಬಾಗಿಲಿರುವ ಗೂಡು ಇದ್ದರೆ ಬಾಗಿಲು ತೆಗೆದಿಡಿ.

ನೆಲದ ಮೇಲೆ ಇಡಬೇಡಿ. ಕಸಬರಿಗೆಯಿಂದ ಎದ್ದ ಧೂಳು ನೆಲದ ಹತ್ತಿರವೇ ಹೆಚ್ಚು. ಒಂದು ಅಡಿ ಎತ್ತರದ ಗಟ್ಟಿ ಮಣೆ ಸಾಕು. ಕಸ ಹೊಡೆಯುವಾಗ ಕಂಪ್ಯೂಟರ್ ಬಂದ್ ಇರಲಿ.

ಅಡುಗೆಮನೆಯ ಒಗ್ಗರಣೆ ಹೊಗೆಯಿಂದ ದೂರ ಇರಲಿ. ಎಣ್ಣೆಯ ಜಿಡ್ಡು ಕೂತರೆ ಧೂಳು ಅಂಟಿಕೊಂಡು ಬ್ರಶ್ಶಿಗೂ ಬರುವುದಿಲ್ಲ.

ಸೊಲ್ಲಾಪುರದ ಮಗ್ಗದ ಓಣಿಗಳಲ್ಲಿ ಇರುವವರು ಇನ್ನಷ್ಟು ಎಚ್ಚರ ಇರಬೇಕು. ಚಾದರ, ಟವೆಲ್ ನೇಯುವಾಗ ಹಾರುವ ಹತ್ತಿಯ ಎಳೆಗಳು ಹೀಟ್ ಸಿಂಕಿನ ರೆಕ್ಕೆಗಳ ಮೇಲೆ ಕಂಬಳಿಯ ಹಾಗೆ ಹೊದ್ದುಕೊಳ್ಳುತ್ತವೆ. ಕಂಬಳಿ ನಮ್ಮನ್ನು ಬೆಚ್ಚಗಿಡುವುದು ಹೇಗೆ? ಎಳೆಗಳ ನಡುವೆ ಗಾಳಿಯನ್ನು ಕಟ್ಟಿಹಾಕಿ. ಪ್ರೊಸೆಸರಿಗೂ ಅದೇ ಆಗುತ್ತದೆ. ಬೇರೆಯವರು ಆರು ತಿಂಗಳಿಗೆ ಒಮ್ಮೆ ಸ್ವಚ್ಛ ಮಾಡಿದರೆ ನೀವು ಎರಡು ಮೂರು ತಿಂಗಳಿಗೆ ಒಮ್ಮೆ ಮಾಡಿ.

ಬಟ್ಟೆಯ ಹೊದಿಕೆ ಒಳ್ಳೆಯದೇ, ಆದರೆ ಬಂದ್ ಮಾಡಿ ಅರ್ಧ ಗಂಟೆ ಆದ ಮೇಲೆ. ಚಾಲೂ ಇರುವಾಗ ಹೊದಿಸಿದರೆ ಅದು ಉಸಿರು ಕಟ್ಟಿಸಿದಂತೆ.

ಸ್ವಚ್ಛ ಮಾಡುವ ಕ್ರಮ

ಇದನ್ನು ಮನೆಯ ದೊಡ್ಡವರೊಬ್ಬರ ಜೊತೆಗೇ ಮಾಡಿ.

ಒಂದು: ಕಂಪ್ಯೂಟರನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ತೆಗೆದು, ವೈರನ್ನೇ ಡಬ್ಬಿಯಿಂದ ಕೀಳಿ. ಯುಪಿಎಸ್ ಇದ್ದರೆ ಅದರಿಂದಲೂ ಬೇರ್ಪಡಿಸಿ. ಲೈಟ್ ಹೋದಾಗಲೂ ಯುಪಿಎಸ್ ಬ್ಯಾಟರಿಯಲ್ಲಿ ವಿದ್ಯುತ್ ಇರುತ್ತದೆ ಎಂಬುದು ನೆನಪಿರಲಿ. ಆಮೇಲೆ ಡಬ್ಬಿಯ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ.

ಎರಡು: ಡಬ್ಬಿಯನ್ನು ಅಂಗಳಕ್ಕೋ ಪಡಸಾಲೆಗೋ ಒಯ್ಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಹಿಂದಿನ ಎರಡು ಸ್ಕ್ರೂ ಬಿಚ್ಚಿ ಪಕ್ಕದ ತಗಡನ್ನು ಸರಿಸಿ. ಒಳಗೆ ಕೈ ಹಾಕುವ ಮೊದಲು ಡಬ್ಬಿಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ. ಮೈಯಲ್ಲಿನ ಸ್ಥಾಯೀ ವಿದ್ಯುತ್ತು ಚಿಪ್ಪುಗಳಿಗೆ ಹಾರದಿರಲಿ ಎಂದು.

ಮೂರು: ಬಣ್ಣ ಬಳಿಯುವ ಮೆತ್ತನೆಯ ಹೊಸ ಒಣ ಬ್ರಶ್ಶಿನಿಂದ ಫ್ಯಾನಿನ ಎಲೆಗಳು, ಹೀಟ್ ಸಿಂಕಿನ ರೆಕ್ಕೆಗಳು, ಜಾಳಿಗೆ ಎಲ್ಲ ಒರೆಸಿ. ಗಾಳಿ ಊದುವ ಬ್ಲೋವರ್ ಸಿಕ್ಕರೆ ಒಳಗಿನಿಂದ ಹೊರಕ್ಕೆ ಊದಿ. ಊದುವಾಗ ಫ್ಯಾನು ತಿರುಗದಂತೆ ಪೆನ್ಸಿಲ್ ಅಡ್ಡ ಹಿಡಿಯಿರಿ. ಅತಿ ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ.

ನಾಲ್ಕು: ಎಸ್‌ಎಂಪಿಎಸ್ ಡಬ್ಬಿಯನ್ನು ಎಂದಿಗೂ ಬಿಚ್ಚಬೇಡಿ. ನಮ್ಮ ಮನೆಯ 230 ವೋಲ್ಟ್ ಎಂಬುದು ಸರಾಸರಿಯ ಬಗೆಯ ಅಂಕಿ. ಅದರ ಶಿಖರ ಸುಮಾರು 325 ವೋಲ್ಟ್. ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್ ಅಷ್ಟು ವೋಲ್ಟೇಜನ್ನು ವೈರ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡಿರಬಹುದು. ಹೊರಗಿನಿಂದ ಜಾಳಿಗೆಯ ಧೂಳು ತೆಗೆದರೆ ಸಾಕು.

ಐದು: ಹೀಟ್ ಸಿಂಕ್ ಅಲ್ಲಾಡುತ್ತಿದೆಯೇ ನೋಡಿ. ಕೆಲವು ಹೀಟ್ ಸಿಂಕುಗಳನ್ನು ನಾಲ್ಕು ಪ್ಲಾಸ್ಟಿಕ್ ಕಾಲುಗಳು ಬೋರ್ಡಿಗೆ ಹಿಡಿದಿರುತ್ತವೆ. ಒಂದು ಕಾಲು ಬಿಟ್ಟುಕೊಂಡರೂ ಸಂದಿಯಲ್ಲಿ ಗಾಳಿ ಸೇರುತ್ತದೆ. ಹೀಟ್ ಸಿಂಕನ್ನು ಕೀಳಲು ಮಾತ್ರ ಹೋಗಬೇಡಿ. ಒಮ್ಮೆ ಕಿತ್ತರೆ ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು. ಅದು ತಿಳಿದವರ ಕೆಲಸ. ಅವರು ಹಚ್ಚುವಾಗ ಪಕ್ಕದಲ್ಲಿ ನಿಂತು ನೋಡಿ: ಹೆಸರುಕಾಳಿನಷ್ಟು ಇದ್ದರೆ ಸಾಕು. ಹೆಚ್ಚು ಹಚ್ಚಿದರೆ ಹೆಚ್ಚು ತಂಪು ಎಂಬುದು ತಪ್ಪು ತಿಳುವಳಿಕೆ. ಸಂದು ತುಂಬಬೇಕೇ ವಿನಾ ಗಾರೆ ಕಟ್ಟಬಾರದು.

ಮರಾಠಿಯ ಅಂಗಡಿಯವರು ‘ಧೂಳ’ ಎನ್ನಲಿ, ನಾವು ‘ಧೂಳು’ ಎನ್ನಲಿ, ಕಸ ಒಂದೇ. “ಮೊದಲು ಧೂಳು ತೆಗೆದು, ಪೇಸ್ಟ್ ಹಚ್ಚಿ ನೋಡ್ರಿ, ಆಮೇಲೆ ಬೋರ್ಡಿನ ಮಾತು” ಎಂದು ಕೇಳುವ ಧೈರ್ಯ ನಿಮಗಿರಬೇಕು.

ಊಹೆ ಬೇಡ, ಅಳೆಯಿರಿ

ಪ್ರೊಸೆಸರ್ ತನ್ನ ಉಷ್ಣತೆಯನ್ನು ತಾನೇ ಅಳೆದುಕೊಳ್ಳುತ್ತದೆ. ಅದನ್ನು ಓದಲು ಹಲವು ದಾರಿಗಳಿವೆ. ಕಂಪ್ಯೂಟರ್ ಚಾಲೂ ಆಗುವಾಗ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿದರೆ ಬಯೋಸ್ ಪರದೆ ಬರುತ್ತದೆ. ಅದರಲ್ಲಿ ಹಾರ್ಡ್‌ವೇರ್ ಮಾನಿಟರ್ ಅಥವಾ ಪಿಸಿ ಹೆಲ್ತ್ ಎಂಬ ಪುಟದಲ್ಲಿ ಉಷ್ಣತೆ, ಫ್ಯಾನಿನ ವೇಗ ಎರಡೂ ಇರುತ್ತವೆ. ನೋಡಿ ಹೊರಬನ್ನಿ, ಬೇರೇನೂ ಬದಲಿಸಬೇಡಿ. ವಿಂಡೋಸ್‌ನಲ್ಲಿ ಇದಕ್ಕೆಂದೇ ಕೋರ್ ಟೆಂಪ್‌ನಂಥ ಉಚಿತ ತಂತ್ರಾಂಶಗಳಿವೆ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯ ಲಿನಕ್ಸ್ ಇರುವುದರಿಂದ ಅಲ್ಲಿನ ಗೆಳೆಯರು ಟರ್ಮಿನಲ್‌ನಲ್ಲಿ ‘ಸೆನ್ಸರ್ಸ್’ ಎಂಬ ಆಜ್ಞೆ ಕೊಟ್ಟು ನೋಡಬಹುದು. ಬೇಕಾದರೆ ಶಿಕ್ಷಕರ ಸಹಾಯ ಪಡೆಯಲಿ.

ಈಗ ಒಂದು ಪತ್ತೇದಾರಿ ಕೆಲಸ. ಕಂಪ್ಯೂಟರ್‌ನಲ್ಲಿ ಒಂದು ವಿಡಿಯೋ ಹಚ್ಚಿ ಇಪ್ಪತ್ತು ನಿಮಿಷ ಬಿಡಿ. ಉಷ್ಣತೆ ಬರೆದಿಡಿ. ಬಂದ್ ಮಾಡಿ, ವೈರ್ ಕಿತ್ತು, ಪಕ್ಕದ ತಗಡು ತೆಗೆಯಿರಿ. ಮತ್ತೆ ವೈರ್ ಸಿಕ್ಕಿಸಿ ಅದೇ ವಿಡಿಯೋ ಇಪ್ಪತ್ತು ನಿಮಿಷ ನಡೆಸಿ. ಈ ಹೊತ್ತಿನಲ್ಲಿ ಯಾರೂ ಒಳಗೆ ಕೈ ಹಾಕಬಾರದು. ತಗಡು ತೆಗೆದದ್ದರಿಂದ ಉಷ್ಣತೆ ಹತ್ತು ಹನ್ನೆರಡು ಡಿಗ್ರಿ ಇಳಿದರೆ ತಪ್ಪು ಎರಡನೆಯ ಅಂಕಿಯಲ್ಲಿದೆ: ಡಬ್ಬಿಗೆ ಗಾಳಿ ಸಾಲುತ್ತಿಲ್ಲ, ಜಾಳಿಗೆ ಕಟ್ಟಿದೆ ಅಥವಾ ಹಿಂದಿನ ಫ್ಯಾನು ನಿಂತಿದೆ. ಹೆಚ್ಚೇನೂ ಇಳಿಯದಿದ್ದರೆ ತಪ್ಪು ಮೂರನೆಯ ಅಂಕಿಯಲ್ಲಿದೆ: ಹೀಟ್ ಸಿಂಕ್, ಅದರ ಫ್ಯಾನು ಅಥವಾ ಪೇಸ್ಟ್ ನೋಡಿಕೊಳ್ಳಬೇಕು. ಒಂದು ಪೈಸೆ ಖರ್ಚಿಲ್ಲದೆ ರೋಗದ ಜಾಗ ಸಿಕ್ಕಿತು.

“ಹಂಗಾದ್ರ ತಗಡು ತೆಗೆದೇ ಇಡೋಣಲ್ಲ?” ಬೇಡ. ಪರೀಕ್ಷೆಗೆ ಸರಿ, ದಿನಾ ಅಲ್ಲ. ಧೂಳು ಎರಡರಷ್ಟು ಸೇರುತ್ತದೆ. ಬೆಚ್ಚಗಿನ ಜಾಗ ಹುಡುಕುವ ಹಲ್ಲಿ, ಇರುವೆ ಒಳಗೆ ಸೇರುತ್ತವೆ. ಮನೆಯ ಚಿಕ್ಕ ಮಕ್ಕಳ ಬೆರಳು ಫ್ಯಾನಿಗೆ ಸಿಗುತ್ತದೆ.

ಶಾಖದ ಹುಟ್ಟನ್ನೇ ತಗ್ಗಿಸುವ ದಾರಿಯೂ ಇದೆ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿಯನ್ನು 100ರಿಂದ 80ಕ್ಕೆ ಇಳಿಸಿದರೆ ಅದು ಸ್ವಲ್ಪ ನಿಧಾನವಾಗುತ್ತದೆ, ಆದರೆ ಕಡಿಮೆ ವಾಟ್ ತಿನ್ನುತ್ತದೆ. ಭಾರೀ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮುಗಿಸುವುದು ಇನ್ನೂ ಸುಲಭ. ಹೊಲದ ಕೆಲಸಕ್ಕೆ ನಮ್ಮ ಹಿರಿಯರು ಹೊತ್ತು ಮೂಡುವ ಮೊದಲೇ ಹೋಗುತ್ತಿದ್ದದ್ದು ಇದೇ ಲೆಕ್ಕದಿಂದ.

ಬಂದ್ ಆಗದಿದ್ದರೂ ನಷ್ಟವಿದೆ

ನಮ್ಮ ಕಂಪ್ಯೂಟರ್ ಬಂದ್ ಆಗುವುದಿಲ್ಲ, ಹಾಗಾಗಿ ತೊಂದರೆ ಇಲ್ಲ ಎಂದು ಸುಮ್ಮನೆ ಕೂರಬೇಡಿ. ಬೋರ್ಡಿನ ಮೇಲೆ ಚಿಕ್ಕ ಡಬ್ಬಿಗಳಂತೆ ಕಾಣುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಬಗ್ಗೆ ಎಂಜಿನಿಯರ್‌ಗಳು ಒಂದು ಅಂದಾಜಿನ ಸೂತ್ರ ಹೇಳುತ್ತಾರೆ: ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಅರ್ಧವಾಗುತ್ತದೆ. ಹತ್ತು ವರ್ಷ ಬಾಳಬೇಕಾದದ್ದು ಐದಕ್ಕೆ, 20 ಡಿಗ್ರಿ ಏರಿದರೆ ಎರಡೂವರೆಗೆ. ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಅದು ಹೋಗುವ ಸೂಚನೆ. ಹಾರ್ಡ್ ಡಿಸ್ಕ್ ಕೂಡ ಶಾಖಕ್ಕೆ ಸೊರಗುತ್ತದೆ. ಬೋರ್ಡು ಹೋದರೆ ಹೊಸದು ತರಬಹುದು. ಅಜ್ಜಿಯ ಫೋಟೋ, ಎರಡು ವರ್ಷದ ನೋಟ್ಸು ಹೋದರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮುಖ್ಯವಾದವನ್ನು ಒಂದು ಪೆನ್ ಡ್ರೈವಿನಲ್ಲೂ ಇಟ್ಟಿರಿ.

ಎಲ್ಲ ಬಂದ್‌ಗೂ ಶಾಖವೇ ಕಾರಣ ಎಂದೂ ತಿಳಿಯಬೇಡಿ. ಶಾಖದ ಗುರುತು ಮೂರು: ಚಾಲೂ ಮಾಡಿ ಸ್ವಲ್ಪ ಹೊತ್ತಾದ ಮೇಲೆ ಬಂದ್ ಆಗುವುದು, ಅದಕ್ಕೂ ಮೊದಲು ಫ್ಯಾನು ಜೋರಾಗಿ ಕೂಗುವುದು, ಅರ್ಧ ಗಂಟೆ ಆರಿಸಿದರೆ ಮತ್ತೆ ಸರಿಯಾಗುವುದು. ಬೆಳಿಗ್ಗೆ ತಂಪಿನಲ್ಲೂ ಚಾಲೂ ಮಾಡಿದ ಕ್ಷಣವೇ ಬಂದ್ ಆದರೆ ಕಾರಣ ಬೇರೆ, ಎಸ್‌ಎಂಪಿಎಸ್ ಅಥವಾ ವೈರಿಂಗ್ ಇರಬಹುದು.

ನಿಮಗೊಂದು ಚಟುವಟಿಕೆ

ಶಾಲೆಯ ಅಥವಾ ಮನೆಯ ಒಂದು ಕಂಪ್ಯೂಟರ್ ಆರಿಸಿಕೊಳ್ಳಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ತಾರೀಖು, ಹೊತ್ತು, ಕೋಣೆಯ ಉಷ್ಣತೆ, ಪ್ರೊಸೆಸರ್‌ನ ಉಷ್ಣತೆ. ಒಂದು ವಾರ ಬೆಳಿಗ್ಗೆ ಮತ್ತು ಮಧ್ಯಾಹ್ನ, ಪ್ರತಿ ಸಲ ಅದೇ ಕೆಲಸ ಕೊಟ್ಟು ಇಪ್ಪತ್ತು ನಿಮಿಷದ ನಂತರ ಬರೆಯಿರಿ. ಮುಂದೆ ಐದನೆಯ ಕಾಲಂ ಎಳೆದು ಎರಡು ಉಷ್ಣತೆಗಳ ವ್ಯತ್ಯಾಸ ಹಾಕಿ. ಕೋಣೆಯ ಉಷ್ಣತೆ ಏರಿಳಿದರೂ ಈ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಇರುವುದು ಕಾಣುತ್ತದೆ. ಬಿಸಿ ಹೆಚ್ಚಿದಂತೆ ಫ್ಯಾನಿನ ವೇಗವೂ ಏರುವುದರಿಂದ ಒಂದೆರಡು ಡಿಗ್ರಿ ಆಚೀಚೆ ಆಗಬಹುದು. ಆ ವ್ಯತ್ಯಾಸವೇ ನಿಮ್ಮ ಕಂಪ್ಯೂಟರ್‌ನ ಆರೋಗ್ಯದ ಅಂಕಿ. ಆಮೇಲೆ ಧೂಳು ತೆಗೆದು ಇನ್ನೊಂದು ವಾರ ಅಳೆಯಿರಿ. ಅಂಕಿ ಎಷ್ಟು ಇಳಿಯಿತು? ಮಗ್ಗದ ಓಣಿಯ ಮನೆ, ಹೊಲದ ಮನೆ, ಶಾಲೆಯ ಕೋಣೆ ಇವುಗಳ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ನಿಮ್ಮ ಪಟ್ಟಿಯನ್ನು ವಿಜ್ಞಾನ ಶಿಕ್ಷಕರಿಗೆ ಕೊಡಿ.